ಲಾರಿ ಮೇಲೆ ಡೇರೆ ಕಟ್ಟಿದ ವರ್ಷ

ಹೋದ ತಿಂಗಳು ನನ್ನ ಮೊಮ್ಮಗ ಜೀಪಿನ ತಲೆಯ ಮೇಲೆ ಒಂದು ದೊಡ್ಡ ಪೆಟ್ಟಿಗೆ ಕೂರಿಸಿಕೊಂಡು ಬಂದ. ವಿಜಯನಗರದ ನಮ್ಮ ಬೀದಿಯಲ್ಲಿ ಎರಡು ಗಾಡಿ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಅಂಥ ಕಡೆ ಜೀಪನ್ನು ಅಡ್ಡ ನಿಲ್ಲಿಸಿ ಕೊಕ್ಕೆ ಬಿಚ್ಚಿದ. ಪಟಪಟನೆ ಒಂದು ಡೇರೆ ಎದ್ದು ನಿಂತಿತು, ಪಕ್ಕದಲ್ಲಿ ಒಂದು ಏಣಿ. ರಜ ಸಿಕ್ಕಾಗ ಇವನೂ ಇವನ ಹೆಂಡತಿಯೂ ಬೆಟ್ಟ ಕಾಡು ಸುತ್ತಿ ಇದರೊಳಗೆ ಮಲಗುತ್ತಾರಂತೆ. ಎಷ್ಟು ಹಗುರ ನೋಡಜ್ಜಿ, ಹೊರದೇಶದವರ ತಲೆಯೇ ತಲೆ, ನಮ್ಮವರಿಗೆ ಇದೆಲ್ಲ ಎಲ್ಲಿ ಹೊಳೆಯುತ್ತೆ ಎಂದ. ನನಗೆ ಮೈ ಉರಿಯಿತು. ಹತ್ತಿರ ಹೋಗಿ ಬಟ್ಟೆಯನ್ನು ಮೂಸಿ ನೋಡಿದೆ. ಮಳೆ ತಡೆಯಲೆಂದು ಅದಕ್ಕೇನೋ ಬಳಿದಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಸೀಮೆಎಣ್ಣೆಯಲ್ಲಿ ಮೇಣ ಕರಗಿಸಿ ಅಂಗೈ ಬೊಬ್ಬೆ ಬರುವಂತೆ ಬಟ್ಟೆಗೆ ತಿಕ್ಕಿದ ಒಂದು ವರ್ಷ ಇಡಿಯಾಗಿ ಕಣ್ಣ ಮುಂದೆ ಬಂದು ನಿಂತಿತು.

ಹೊಸ ಪೈಸೆ ಚಲಾವಣೆಗೆ ಬಂದ ವರ್ಷ ಅದು. ನಾನಾಗ ಕಾಮಾಕ್ಷಿಪಾಳ್ಯದ ಸೊಸೆ. ಕಾಮಾಕ್ಷಿಪಾಳ್ಯ ಆಗ ಹಳ್ಳಿ. ಮಾಗಡಿ ರಸ್ತೆಯಲ್ಲಿ ಬಸ್ಸು ಹೋದರೆ ಮಕ್ಕಳು ಓಡಿ ಬಂದು ನೋಡುತ್ತಿದ್ದವು. ಈಗ ನಾವಿರುವ ವಿಜಯನಗರದ ಜಾಗದಲ್ಲಿ ಹೊಲ, ಬೇಲಿ, ಹಳ್ಳ. ನಮ್ಮ ಮನೆಯ ರಾಗಿ ಹೊಲ ಮಾತ್ರ ಅಷ್ಟು ಹೊತ್ತಿಗೆ ರಾಜಾಜಿನಗರದ ಬಡಾವಣೆಗೆ ಸೇರಿ ಹೋಗಿತ್ತು. ಹೊಲವೇ ಇಲ್ಲದ ಮೇಲೆ ಎತ್ತು ಯಾಕೆ ಎಂದು ನಮ್ಮ ಯಜಮಾನರು ಎತ್ತು, ಗಾಡಿ ಎರಡನ್ನೂ ಮಾರಿ, ಮಿಲಿಟರಿಯವರು ಹರಾಜು ಹಾಕಿದ ಹಳೇ ಲಾರಿಯೊಂದನ್ನು ತಂದು ಬಾಗಿಲಲ್ಲಿ ನಿಲ್ಲಿಸಿದರು. ಅದರಲ್ಲಿ ಇಟ್ಟಿಗೆ, ಮರಳು ಹೊಡೆಯುತ್ತಿದ್ದದ್ದು ಎಲ್ಲಿಗೆ? ನಮ್ಮದೇ ಹೊಲದಲ್ಲಿ ಮೇಲೇಳುತ್ತಿದ್ದ ಯಾರ್ಯಾರದೋ ಮನೆಗಳಿಗೆ. ನನಗೆ ಇದು ಅರಗುತ್ತಿರಲಿಲ್ಲ. ಅವರಿಗೆ ಅರಗುತ್ತಿತ್ತು. ಅವರಿಗೆ ಏನು ಬೇಕಾದರೂ ಅರಗುತ್ತಿತ್ತು, ಅದೇ ನನ್ನ ಸಂಸಾರದ ಕಷ್ಟ.

ಮಗ ರಂಗನಿಗೆ ಆರು ವರ್ಷ, ಬೆನ್ನ ಮೇಲೆ ಮೊಳದುದ್ದ ಜಡೆ. ಮಗಳು ಗೌರಿ ಇನ್ನೂ ಕಂಕುಳ ಕೂಸು. ಗಂಡುಹುಡುಗನಿಗೆ ಜಡೆ ಯಾಕೆಂದರೆ, ನಮ್ಮಲ್ಲಿ ಮಕ್ಕಳ ಮೊದಲ ಮುಡಿಯನ್ನು ಮನೆದೇವತೆಯ ಮುಂದೆ, ಕಾವೇರಿ ದಂಡೆಯಲ್ಲೇ ಕೊಡಬೇಕು. ಈ ದೇವತೆಗೆ ಗುಡಿಯಿಲ್ಲ. ಮನೆಯ ನಡುಕೋಣೆಯಲ್ಲಿ ಒಂದು ಬೆತ್ತದ ಪೆಟ್ಟಿಗೆಯೊಳಗೆ ಇರುತ್ತಾಳೆ. ಎಲ್ಲರೂ ಅಮ್ಮ ಎನ್ನುತ್ತಾರೆ. ಮನೆಮಂದಿ ಒಬ್ಬರೂ ಉಳಿಯದೆ ಅಮ್ಮನನ್ನು ಹೊಳೆಗೆ ಕರೆದುಕೊಂಡು ಹೋಗಿ, ಮೀಯಿಸಿ, ಪೂಜೆ ಮಾಡಿ, ಮಕ್ಕಳ ಮುಡಿ ಕೊಟ್ಟು ತಿರುಗಿ ಕರೆತರಬೇಕು. ಒಬ್ಬರು ಬರುವುದಿಲ್ಲ ಎಂದರೂ ಪೆಟ್ಟಿಗೆ ಕದಲುವ ಹಾಗಿಲ್ಲ. ನಮ್ಮ ಮನೆಯಲ್ಲಿ ಬರುವುದಿಲ್ಲ ಎಂದು ಕೂತವರು ನಮ್ಮ ಅತ್ತೆ ಚೆನ್ನಮ್ಮ. ನಾನು ಮದುವೆಯಾಗಿ ಬರುವ ಎಷ್ಟೋ ವರ್ಷ ಮೊದಲಿನಿಂದ ಹಾಗೇ ಕೂತಿದ್ದರು.

ಅವರನ್ನು ತಪ್ಪು ಎನ್ನುವ ಹಾಗೂ ಇರಲಿಲ್ಲ. ನಮ್ಮ ಯಜಮಾನರಿಗೆ ಲಕ್ಷ್ಮಿ ಎಂದು ಒಬ್ಬಳು ತಂಗಿಯಿದ್ದಳು. ಹಿಂದಿನ ಸಲ ಗಾಡಿ ಕಟ್ಟಿಕೊಂಡು ಹೊಳೆಗೆ ಹೊರಟಾಗ ಅವಳಿಗೆ ಮೂರು ವರ್ಷ. ಮೊದಲ ತಂಗು ಕೆಂಗೇರಿ ತೋಪಿನಲ್ಲಿ. ಹುಣಿಸೇಮರದ ಬುಡದಲ್ಲಿ ಚಾಪೆ ಹಾಸಿ ಮಲಗಿಸಿದ್ದ ಮಗುವಿಗೆ ಹಾವು ಮುಟ್ಟಿತು. ಬೆಳಗಾಗುವುದರೊಳಗೆ ಮಗು ಇಲ್ಲ. ಅಮ್ಮ ಹೊಳೆ ನೋಡದೆ ಕೆಂಗೇರಿಯಿಂದಲೇ ಹಿಂದಕ್ಕೆ ಬಂದಳು. ಅಂದಿನಿಂದ ಅತ್ತೆ ಕೆಂಗೇರಿ ಕಡೆ ಮುಖ ಹಾಕಿರಲಿಲ್ಲ. ಆ ದಿಕ್ಕಿನ ಸಂತೆಗೂ ಹೋಗುತ್ತಿರಲಿಲ್ಲ, ಮದುವೆಗೂ ಹೋಗುತ್ತಿರಲಿಲ್ಲ.

ಹಾಗಾಗಿ ರಂಗನ ಜಡೆ ಬೆಳೆಯುತ್ತ ಹೋಯಿತು. ಸ್ಕೂಲಿನಲ್ಲಿ ಮೇಷ್ಟ್ರು ಅವನನ್ನು ಹುಡುಗಿಯರ ಸಾಲಿನಲ್ಲಿ ಕೂರಿಸಿದರು. ಹುಡುಗರು ರಂಗಮ್ಮ ಎಂದು ಕರೆದರು. ಅವನು ಅಳುತ್ತ ಬಂದು ಕತ್ತರಿ ಹುಡುಕುತ್ತಿದ್ದ, ನಾನು ಕತ್ತರಿ ಬಚ್ಚಿಡುತ್ತಿದ್ದೆ. ಹೊಲಿಯುವವಳ ಮನೆಯಲ್ಲಿ ಕತ್ತರಿ ಬಚ್ಚಿಡುವುದು ಎಂಥ ಗೋಳು ಎಂದು ಹೊಲಿಯುವವರಿಗೇ ಗೊತ್ತು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಹೆಡ್‌ಮೇಷ್ಟ್ರೇ ಮನೆಗೆ ಬಂದು, ಬೇಸಿಗೆ ರಜ ಕಳೆದು ಬರುವಾಗ ಹುಡುಗನಿಗೆ ಕ್ರಾಪು ಇರಬೇಕು ಎಂದು ಹೇಳಿ ಹೋದರು.

ಮೇಷ್ಟ್ರು ಹೋದ ಮೇಲೆ ಅತ್ತೆ ಒರಳ ಕಲ್ಲಿನ ಮುಂದೆ ಕೂತು ರುಬ್ಬುವುದನ್ನು ಮುಗಿಸಿದರು. ಆಮೇಲೆ ನನ್ನನ್ನು ಕರೆದು, "ಮಕ್ಕಳು ನೆಲದ ಮೇಲೆ ಮಲಗದೇ ಇರೋ ಹಾಗೆ ಏನಾದ್ರೂ ಮಾಡೋಕಾದ್ರೆ ಬರ್ತೀನಿ ಕಣಮ್ಮ. ಇಲ್ದಿದ್ರೆ ನನ್ನ ಹೆಣ ಬರುತ್ತೆ" ಎಂದರು.

ಲಾರಿಯಿದೆಯಲ್ಲ, ಬೆಳಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಕಾವೇರಿ, ತಂಗುವ ಮಾತೇ ಯಾಕೆ ಎಂದು ನಾನು ಕೇಳಿದೆ. ಯಾರಾದರೂ ಕೇಳುವುದೇ. ಆದರೆ ಪಕ್ಕದ ಮನೆಯಲ್ಲಿ ದೊಡ್ಡಮಾವ ಇದ್ದರು. ತೀರಿಹೋದ ನಮ್ಮ ಮಾವನ ಅಣ್ಣ, ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಅಮ್ಮನ ಪೆಟ್ಟಿಗೆ ಹೊರುವ ಹಕ್ಕು ಅವರದು, ಕಟ್ಟಳೆ ಹೇಳುವ ಬಾಯಿ ಅವರದು. ಅಮ್ಮ ಹಿಂದೆ ಎಲ್ಲೆಲ್ಲಿ ತಂಗಿದ್ದಳೋ ಅಲ್ಲಲ್ಲಿ ತಂಗಲೇಬೇಕು, ಅದರಲ್ಲೂ ನಿಂತುಹೋದ ಪಯಣ ನಿಂತ ಕಡೆಯಿಂದಲೇ ಮುಂದುವರಿಯಬೇಕು ಎಂದರು. ಎತ್ತಿನ ಗಾಡಿಗೆ ಕೆಂಗೇರಿ ಒಂದು ದಿನದ ತಂಗು, ಸರಿ. ಲಾರಿಗೆ ಅದು ವೀಳ್ಯದೆಲೆ ಜಗಿದು ಮುಗಿಸುವಷ್ಟು ದೂರ. ಅಷ್ಟಕ್ಕೆ ರಾತ್ರಿ ತಂಗುವುದೇ? ತಂಗಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾನು ಗೊಣಗಿದ್ದು ಅವರ ಕಿವಿಗೆ ಬೀಳಲಿ ಎಂದೇ ಗೊಣಗಿದ್ದೆ. ಬೀಳಲಿಲ್ಲ. ನಮ್ಮ ಯಜಮಾನರನ್ನು ಕೇಳಿದರೆ, ದೊಡ್ಡಪ್ಪ ಹೇಳೋದೂ ಸರಿ, ನೀನು ಹೇಳೋದೂ ಸರಿ ಎಂದರು. ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ನಮ್ಮಪ್ಪನದು ಕಾಟನ್‌ಪೇಟೆಯಲ್ಲಿ ಶಾಮಿಯಾನ ಹೊಲಿಯುವ ಅಂಗಡಿ. ನಾನು ಬೆಳೆದದ್ದೇ ಕ್ಯಾನ್ವಾಸಿನ ಸುರುಳಿಗಳ ನಡುವೆ. ಹಾಗಾಗಿ ದಾರಿ ನನಗೇ ಹೊಳೆಯಿತು: ಲಾರಿಯ ಮೇಲೆ ಒಂದು ಅಟ್ಟ, ಅಟ್ಟದ ಮೇಲೆ ಡೇರೆ. ಕೆಳಗೆ ಸಾಮಾನು, ಮೇಲೆ ಅತ್ತೆ, ನಾನು, ಮಕ್ಕಳು. ರಾತ್ರಿ ಏಣಿಯನ್ನೂ ಮೇಲಕ್ಕೆ ಎಳೆದುಕೊಂಡರೆ ಹಾವಿನ ಅಪ್ಪ ಬಂದರೂ ಹತ್ತುವಂತಿಲ್ಲ. ಅತ್ತೆ ಮೂರು ನಾಲ್ಕು ಸಲ ಕೇಳಿ ಕೇಳಿ ತಿಳಿದುಕೊಂಡು, ಸರಿ ಎಂದರು. ನನಗೆ ಆನೆ ಹೊಡೆದಷ್ಟು ಸಂತೋಷವಾಯಿತು. ಉಗಾದಿ ಕಳೆಯುತ್ತಲೇ ಹೊರಡುವುದು, ಜೂನಿಗೆ ಮಗ ಕ್ರಾಪು ಬಿಟ್ಟುಕೊಂಡು ಸ್ಕೂಲಿಗೆ ಹೋಗುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಗಂಡಸರ ಕೈಗೆ ಕೆಲಸ ಹೋಗುತ್ತದೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಟ್ಟ ತಾನು ಮಾಡಿಸುತ್ತೇನೆ, ನೀನು ಬಟ್ಟೆ ಹೊಲಿ ಎಂದು ನಮ್ಮ ಯಜಮಾನರು ರಾಜಾಜಿನಗರದಲ್ಲಿ ಬಾಗಿಲು ಕಿಟಕಿ ಮಾಡುತ್ತಿದ್ದ ಬಡಗಿಯೊಬ್ಬನನ್ನು ಹಿಡಿದು ತಂದರು. ಅವನು ಮನೆಗೆ ಅಟ್ಟ ಕಟ್ಟಿ ಗೊತ್ತಿದ್ದವನು, ಲಾರಿಗಲ್ಲ. ಹೊನ್ನೆ ಮರದ ತೊಲೆ, ಹಲಗೆ, ಸುತ್ತ ಕಟಕಟೆ, ಕಟಕಟೆಗೆ ಹೂವಿನ ಕೆತ್ತನೆ ಬೇರೆ. ಎತ್ತಿ ಕೂರಿಸಲು ಬೀದಿಯ ಗಂಡಸರೆಲ್ಲ ಬರಬೇಕಾಯಿತು. ಬಟ್ಟೆಯಾದರೂ ಹಗುರವಾಗಿರಲಿ ಎಂದರೆ ಅದಕ್ಕೂ ಬಿಡಲಿಲ್ಲ. ಮಳೆ ಬಂದರೆ ಎಂದು ಲಾರಿಯವರು ಸರಕಿಗೆ ಹೊದಿಸುವ ದಪ್ಪ ಟಾರ್ಪಾಲನ್ನೇ ತಂದು ಹಾಕಿದರು. ಮೂಗಿಗಿಂತ ಮೂಗುತಿ ಭಾರ ಎಂದೆ. ಹೆಂಗಸರಿಗೆ ಲಾರಿಯ ಶಕ್ತಿ ಗೊತ್ತಿಲ್ಲ ಎಂದು ಬಡಗಿ ನಕ್ಕ, ನಮ್ಮ ಯಜಮಾನರೂ ಜೊತೆಗೆ ನಕ್ಕರು.

ಸರಿಯಿದೆಯೇ ನೋಡೋಣ ಎಂದು ಮಾಗಡಿ ರಸ್ತೆಗೆ ಇಳಿಸಿದರು. ನೇರ ರಸ್ತೆಯಲ್ಲಿ ಗಂಭೀರವಾಗಿಯೇ ಹೋಯಿತು. ಬಡಾವಣೆಯ ಕಡೆ ತಿರುಗುವ ಮೂಲೆಯಲ್ಲಿ ಲಾರಿ ಒಂದು ಕಡೆ, ಅಟ್ಟ ಇನ್ನೊಂದು ಕಡೆ. ಒಂದು ಪಕ್ಕದ ಚಕ್ರಗಳು ನೆಲ ಬಿಟ್ಟವು ಎಂದು ನೋಡಿದವರು ಹೇಳಿದರು. ಉರುಳದೆ ಉಳಿದದ್ದು ಆಲದ ಮರದ ಕೊಂಬೆ ಅಟ್ಟವನ್ನು ಹಿಡಿದುಕೊಂಡದ್ದರಿಂದ. ಟಾರ್ಪಾಲು ಹರಿದು ಮರಕ್ಕೇ ತೂಗಾಡುತ್ತಿತ್ತು. ನಮ್ಮ ಯಜಮಾನರು ಮನೆಗೆ ನಡೆದುಕೊಂಡು ಬಂದು, ನೀರು ಕುಡಿದು, ಸ್ವಲ್ಪ ಭಾರವಾಯಿತು ಅನ್ನಿಸುತ್ತೆ ಎಂದರು.

ಅಷ್ಟಕ್ಕೇ ಅತ್ತೆ ಅರ್ಧ ಮನಸ್ಸು ಹಿಂದೆಗೆದುಕೊಂಡರು. ಹಾವಿನ ಬಾಯಿಂದ ತಪ್ಪಿಸಲು ಮಕ್ಕಳನ್ನು ಲಾರಿಯಿಂದ ಬೀಳಿಸುತ್ತೀರಾ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಇನ್ನು ಈ ಕೆಲಸಕ್ಕೆ ಯಾರೂ ಕೈ ಹಾಕಕೂಡದು, ಹಾಕಿದರೆ ನಾನು ತವರಿಗೆ ಹೋಗುತ್ತೇನೆ, ಜಡೆ ಹಾಕುವುದನ್ನೂ ನೀವೇ ಕಲಿತುಕೊಳ್ಳಿ ಎಂದು ನಮ್ಮ ಯಜಮಾನರಿಗೆ ಹೇಳಿದೆ. ಹೆದರಿದ್ದು ಜಡೆಯ ಮಾತಿಗೆ.

ಹಗುರ ಮಾಡುವುದು ಎಂದರೆ ಏನು ಎಂದು ಕೂತು ಯೋಚಿಸಿದ್ದು ಆಗ. ಇರುವುದನ್ನೆಲ್ಲ ತೆಳ್ಳಗೆ ಮಾಡಿದರೆ ಆಗದು, ಒಂದೇ ಏಟಿಗೆ ಹರಿಯುತ್ತದೆ. ಯಾವುದು ಬೇಡವೋ ಅದನ್ನು ತೆಗೆಯಬೇಕು. ಹಲಗೆ ಬೇಡ, ಮೇದರವರ ಹತ್ತಿರ ಬಿದಿರಿನ ದಪ್ಪ ತಟ್ಟಿ ಹೆಣೆಸಿದೆ. ತೊಲೆ ಬೇಡ, ಗಟ್ಟಿ ಗಳ ಸಾಕು. ಕಂಬ ಬೇಡವೇ ಬೇಡ. ನಮ್ಮ ಮಾರಿಹೋದ ಗಾಡಿಗೆ ಬಿದಿರು ಸೀಳಿನ ಕಮಾನು ಇತ್ತಲ್ಲ, ಅಂಥದ್ದೇ ಐದು ಕಮಾನು ಬಗ್ಗಿಸಿ, ಐದರ ಕಾಲನ್ನೂ ಎರಡು ಪಕ್ಕದಲ್ಲಿ ಒಂದೊಂದೇ ಬೋಲ್ಟಿಗೆ ಸಿಕ್ಕಿಸಿದೆ. ಬೇಕಾದಾಗ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳಬೇಕು, ಬೇಡದಾಗ ಎಲ್ಲ ಕಮಾನೂ ಒಂದರ ಮೇಲೊಂದು ಮಲಗಬೇಕು. ಓಡುವ ಲಾರಿಗೆ ಗಾಳಿ ಹಿಡಿಯುವುದಿಲ್ಲ, ಕೊಂಬೆಗೆ ಸಿಕ್ಕುವುದಿಲ್ಲ. ಬಟ್ಟೆಗೆ, ಪೊಲೀಸರ ಚಡ್ಡಿಗೆ ಹಾಕುವ ಕಾಕಿ ಡ್ರಿಲ್ಲು. ಅದಕ್ಕೆ ಮೇಣ ತಿಕ್ಕುವುದು ನಮ್ಮಪ್ಪನ ಅಂಗಡಿಯ ಪದ್ಧತಿ. ಮೇಣವನ್ನು ತುರಿದು, ಬಿಸಿನೀರಿನ ಕೊಳಗದಲ್ಲಿಟ್ಟ ಸೀಮೆಎಣ್ಣೆಯಲ್ಲಿ ಕರಗಿಸಿ, ಒಲೆಯಿಂದ ದೂರ ಕೂತು ಬಟ್ಟೆಗೆ ಉಜ್ಜಿ ಉಜ್ಜಿ ಬಿಸಿಲಿಗೆ ಹಾಕಬೇಕು. ನಮ್ಮ ಮನೆಯ ಸಾರೂ ಮುದ್ದೆಯೂ ಆ ಬೇಸಿಗೆಯೆಲ್ಲ ಸೀಮೆಎಣ್ಣೆಯ ವಾಸನೆ ಹೊಡೆಯಿತು. ಎಲ್ಲರೂ ಅದನ್ನೇ ಉಂಡರು.

ಮೊದಲ ಡೇರೆ ಸೊಗಸಾಗಿ ಬಂತು. ಉದ್ದಕ್ಕೆ, ಲಾರಿಯ ಅಳತೆಗೆ ಸರಿಯಾಗಿ. ದೊಡ್ಡಮಾವ ಕೋಲೂರಿಕೊಂಡು ಬಂದು ಸುತ್ತ ನೋಡಿ, ತಲೆ ಯಾವ ಕಡೆ ಬರುತ್ತೆ ಎಂದರು. ಮುಂದಕ್ಕೆ, ಎಂಜಿನ್ನಿನ ಕಡೆಗೆ ಎಂದೆ. ಲಾರಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಎಂದರು. ಉತ್ತರಕ್ಕೆ ತಲೆಯಿಟ್ಟು ಹೆಣವನ್ನು ಮಾತ್ರ ಮಲಗಿಸುತ್ತಾರೆ ಎನ್ನುವುದು ನನಗೇನು ಗೊತ್ತಿಲ್ಲದ್ದಲ್ಲ. ಲಾರಿಯನ್ನು ತಿರುಗಿಸಿ ನಿಲ್ಲಿಸಿದರಾಯಿತು ಎಂದು ನಮ್ಮ ಯಜಮಾನರು ಜೀವಮಾನದಲ್ಲಿ ಒಮ್ಮೆ ಸರಿಯಾದ ಮಾತಾಡಿದರು. ತೋಪಿನಲ್ಲಿ ಮರ ಅಡ್ಡ ಬಂದರೆ ಎಂದು ದೊಡ್ಡಮಾವ ಕೇಳಿದರು. ಅತ್ತೆ ಬಾಗಿಲ ಹಿಂದಿನಿಂದ, ಅವರು ಹೇಳೋದೂ ನಿಜ ಅಂತ ಹೇಳಪ್ಪ ಎಂದು ಮಗನಿಗೆ ಹೇಳಿದರು. ಗಂಡನ ಅಣ್ಣನ ಹತ್ತಿರ ಅತ್ತೆ ಮದುವೆಯಾದಾಗಿನಿಂದ ನೇರ ಮಾತಾಡಿದವರಲ್ಲ. ಮಗನಿಗೋ ಕಂಬಕ್ಕೋ ಹೇಳುವುದು, ಅವರು ಕೇಳಿಸಿಕೊಳ್ಳುವುದು.

ಸರಿ, ಬಿಚ್ಚಿದೆ. ಯಾವ ಕಡೆ ಬೇಕಾದರೂ ತಲೆಯಿಟ್ಟು ಮಲಗುವಂತೆ ಚೌಕವಾಗಿ ಮತ್ತೆ ಕತ್ತರಿಸಿ ಹೊಲಿದೆ. ಚೌಕ ಮಾಡಿದರೆ ಬಟ್ಟೆ ಹೆಚ್ಚು, ಬಟ್ಟೆ ಹೆಚ್ಚಾದರೆ ಭಾರ ಹೆಚ್ಚು. ಒಂದು ಕಮಾನು ಕಡಿಮೆ ಮಾಡಿದೆ. ಇಷ್ಟರಲ್ಲಿ ಅತ್ತೆಯ ಸರದಿ. ನೆಲದ ಬಟ್ಟೆಗೂ ಗೋಡೆಯ ಬಟ್ಟೆಗೂ ನಡುವೆ ಇರುವೆ ನುಸುಳುವಷ್ಟೂ ಸಂದಿಯಿರಬಾರದು ಎಂದರು. ಸುತ್ತ ಸೇರಿಸಿ ಹೊಲಿದೆ. ಆಗ ಒಳಗೆ ಉಸಿರುಕಟ್ಟಿತು. ಮೇಲುಗಡೆ ಸೊಳ್ಳೆಪರದೆಯ ಬಟ್ಟೆಯಲ್ಲಿ ಕಿಟಕಿ ಬಿಟ್ಟೆ. ಕಿಟಕಿ ಯಾಕೆ, ಹಾವು ಬರಲಿಕ್ಕಾ ಎಂದರು. ನಾನು, ಹಾವು ಲಾರಿ ಹತ್ತಿ, ತಟ್ಟಿ ಹತ್ತಿ, ಬಟ್ಟೆ ಹತ್ತಿ, ತಲೆಯ ಮೇಲಿನ ಕಿಟಕಿಗೆ ಬರಬೇಕಾದರೆ ಅದಕ್ಕೇನು ಬೇರೆ ಕೆಲಸವಿಲ್ಲವಾ ಎಂದು ರೇಗಿಬಿಟ್ಟೆ. ಸಂಜೆ ನೋಡಿದರೆ ಅತ್ತೆ ಡೇರೆಯೊಳಗೆ ಒಬ್ಬರೇ ಕೂತು, ನೆಲದ ಹೊಲಿಗೆಯನ್ನು ಬೆರಳಿನಿಂದ ಸುತ್ತಲೂ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಕಿಟಕಿಗೆ ಎರಡು ಪದರ ಪರದೆ ಹಾಕಿ ಹೊಲಿದೆ.

ಹೀಗೆ ಬಿಚ್ಚಿ ಹೊಲಿದು, ಹೊಲಿದು ಬಿಚ್ಚಿ, ಬೇಸಿಗೆ ಹೋಯಿತು. ರಂಗ ಜಡೆಯೊಂದಿಗೇ ಸ್ಕೂಲಿಗೆ ಹೋದ, ಹೆಡ್‌ಮೇಷ್ಟ್ರು ವಾಪಸು ಕಳಿಸಿದರು. ಆಷಾಢದಲ್ಲಿ ಅಮ್ಮ ಹೊರಡುವಂತಿಲ್ಲ. ಶ್ರಾವಣದಲ್ಲಿ ಮಳೆ ಹಿಡಿದು ಲಾರಿ ನಮ್ಮ ಬಾಗಿಲಲ್ಲೇ ಹೂತುಕೊಂಡಿತು. ಮಹಾಲಯದಲ್ಲಿ ಆಗದು. ಮಗ ಮನೆಯಲ್ಲೇ ಕೂತು ಗೋಲಿ ಆಡಿದ. ಅಪ್ಪನ ಜೊತೆ ಲಾರಿಯಲ್ಲಿ ಹೋಗಿ ಇಟ್ಟಿಗೆ ಎಣಿಸುವುದನ್ನು ಕಲಿತ, ಅಕ್ಷರ ಮರೆತ. ರಾಜಾಜಿನಗರದ ಹೊಸ ಮನೆಗಳ ಹೆಂಗಸರು ಅವನನ್ನು ನೋಡಿ ಮಗಳಿಗೆ ಹೂ ಮುಡಿಸಿಲ್ಲವಲ್ಲ ಎನ್ನುತ್ತಿದ್ದರು. ನನಗೆ ಬದುಕು ಸಾಕು ಸಾಕಾಗಿತ್ತು. ಡೇರೆ ಮಾತ್ರ ಕೊನೆಗೆ ಹೇಗೆ ಬಂದಿತ್ತೆಂದರೆ, ತಟ್ಟಿ, ಕಮಾನು, ಬಟ್ಟೆ ಎಲ್ಲ ಸೇರಿ ನಾನೂ ನಮ್ಮ ಯಜಮಾನರೂ ಇಬ್ಬರೇ ಎತ್ತಿ ಲಾರಿಗೆ ಕೂರಿಸುತ್ತಿದ್ದೆವು. ಮೂಲೆ ತಿರುಗಿದರೆ ಅಲುಗುತ್ತಿರಲಿಲ್ಲ. ಇಡೀ ಶ್ರಾವಣದ ಮಳೆಯನ್ನು ತಡೆದು ಒಳಗೆ ಒಂದು ತೊಟ್ಟು ಬಿಟ್ಟಿರಲಿಲ್ಲ.

ಕಾರ್ತೀಕದಲ್ಲಿ ಹೊರಟೆವು. ರಂಗನ ಮುಡಿಯೂ ಗೌರಿಯ ಮುಡಿಯೂ ಕಾವೇರಿ ಸೇರಿದವು ಎಂದು ಇಲ್ಲೇ ಹೇಳಿಬಿಡುತ್ತೇನೆ. 'ಆಮೇಲೇನಾಯ್ತು ಅಜ್ಜಿ' ಎಂದು ನಡುವೆ ಕೇಳುವವರನ್ನು ಕಂಡರೆ ನನಗಾಗದು. ನನ್ನ ಮನಸ್ಸು ಈಗಲೂ ನಿಲ್ಲುವುದು ಕಾವೇರಿಯ ಹತ್ತಿರ ಅಲ್ಲ. ಕೆಂಗೇರಿ ತೋಪಿನ ಹತ್ತಿರ.

ದೊಡ್ಡಮಾವ ಉಪವಾಸವಿದ್ದು, ಪೆಟ್ಟಿಗೆ ಹೊತ್ತು ತಂದು, ಲಾರಿಯ ಹಿಂಭಾಗದಲ್ಲಿ ರಾಗಿ ಮೂಟೆಗಳ ಮೇಲೆ ಹಸಿ ಬಾಳೆಲೆ ಹಾಸಿ ಇಟ್ಟರು. ಅಟ್ಟದ ಮೇಲೆ ಡೇರೆ ಮಡಚಿ ಮಲಗಿತ್ತು. ಅತ್ತೆ ಮುಂದೆ ನನ್ನ ಪಕ್ಕ ಕೂತು, ಮೈಸೂರು ರಸ್ತೆ ಸಿಕ್ಕಿದ್ದೇ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಹೊತ್ತು ಇಳಿಯುವುದರೊಳಗೆ ತೋಪಿಗೆ ಬಂದಿದ್ದೆವು. ಹುಣಿಸೇಮರಗಳು, ಪಕ್ಕದಲ್ಲಿ ವೃಷಭಾವತಿ. ಆಗ ಆ ನೀರಿನಲ್ಲಿ ಅಕ್ಕಿ ತೊಳೆಯಬಹುದಿತ್ತು. ಅತ್ತೆ ಲಾರಿಯಿಂದ ಇಳಿಯಲಿಲ್ಲ. ನಾನು ಅಡುಗೆ ಮಾಡಿ ಅಲ್ಲಿಗೇ ತಂದುಕೊಟ್ಟೆ, ಅಲ್ಲೇ ಒಂದು ತುತ್ತು ತಿಂದರು. ಆಮೇಲೆ ನಾನು ಡೇರೆ ಬಿಚ್ಚಿದೆ. ನಾಲ್ಕು ಕಮಾನೂ ಒಂದರ ಹಿಂದೊಂದು ಎದ್ದು ನಿಂತದ್ದು ನೋಡಿ ದಾರಿಹೋಕರು ನಿಂತರು. ಅತ್ತೆ ನೆಲಕ್ಕೆ ಕಾಲಿಡದೆ ಲಾರಿಯ ಪಕ್ಕ ಹಿಡಿದುಕೊಂಡೇ ಹಿಂಭಾಗಕ್ಕೆ ದಾಟಿ, ತಾವೇ ಕೈಯಾರೆ ರಂಗನನ್ನು ಅಲ್ಲಿನ ಏಣಿ ಹತ್ತಿಸಿದರು. ಗೌರಿಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. ತಾವೂ ಏಣಿಯ ಮೇಲೆ ಒಂದು ಕಾಲಿಟ್ಟರು.

ಆಗ ದೊಡ್ಡಮಾವ ನಿಲ್ಲಿ ಎಂದರು. ಅಮ್ಮ ಕೆಳಗಿದ್ದಾಳೆ, ಅವಳ ನೆತ್ತಿಯ ಮೇಲೆ ಹೆಂಗಸರು ಮಕ್ಕಳು ಮಲಗುವುದೇ, ಅವಳ ತಲೆ ತುಳಿಯುವುದೇ ಎಂದರು.

ಸಂಕ್ರಾಂತಿಯಿಂದ ಕಾರ್ತೀಕದವರೆಗೆ ಈ ಮನುಷ್ಯ ಆ ಡೇರೆಯನ್ನು ನೂರು ಸಲ ಸುತ್ತಿ ಬಂದಿದ್ದರು. ಉತ್ತರ ನೋಡಿದರು, ದಕ್ಷಿಣ ನೋಡಿದರು. ಮೇಲೆ ಕೆಳಗೆ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ ಎನ್ನಿ, ಗಾಡಿಯ ಕಾಲದಲ್ಲಿ ದೇವತೆಯ ಮೇಲೆ ಮಲಗುವ ಉಪಾಯ ಯಾರಿಗೂ ಇರಲಿಲ್ಲವಲ್ಲ, ಕಟ್ಟಳೆಯೂ ಬಾಯಿಗೆ ಬಂದಿರಲಿಲ್ಲ. ಪೆಟ್ಟಿಗೆಯನ್ನು ಕೆಳಗಿಳಿಸಿ ಮರದ ಹತ್ತಿರ ಇಡಿ ಎಂದೆ. ಹೊಳೆ ಮುಟ್ಟುವ ತನಕ ಅಮ್ಮ ನೆಲ ಮುಟ್ಟುವಂತಿಲ್ಲ ಎಂದರು. ಲಾರಿಯ ಮುಂದುಗಡೆ ಸೀಟಿನ ಮೇಲಿಡಿ ಎಂದೆ. ಚರ್ಮದ ಸೀಟು, ಮೈಲಿಗೆ. ಮೇಲೆ ಡೇರೆಯೊಳಗೇ ನಮ್ಮ ಜೊತೆ ಇರಲಿ ಎಂದೆ. ಮಕ್ಕಳು ಮಲಗುವ ಕಡೆಯಾ, ಕೂಡದು. ಅಮ್ಮ ಡೇರೆಯಲ್ಲಿ ಒಬ್ಬಳೇ ಇರುತ್ತಾಳೆ, ಮೂಟೆ ತುಂಬಿದ ಲಾರಿಯಲ್ಲಿ ಜಾಗವಿಲ್ಲ, ನೀವೆಲ್ಲ ನೆಲದ ಮೇಲೆ ಮಲಗಿ ಎಂದು ತೀರ್ಪು ಕೊಟ್ಟರು. ನಮ್ಮ ಯಜಮಾನರ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಲಾರಿಯ ಪಕ್ಕೆ ಹತ್ತಿ ಬಂದು ರಂಗನನ್ನು ಇಳಿಸಲು ಕೈ ಚಾಚಿದರು. ಆ ಗಳಿಗೆ ನನಗೆ ಯಾರ ಮೇಲೆ ಸಿಟ್ಟು ಬಂತೆಂದು ಹೇಳಲಾರೆ. ಗಂಡನ ಮೇಲೆ, ದೊಡ್ಡಮಾವನ ಮೇಲೆ, ಪೆಟ್ಟಿಗೆಯೊಳಗೆ ಸುಮ್ಮನೆ ಕೂತವಳ ಮೇಲೆ. ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಏಣಿಯಿಂದ ಕಾಲು ತೆಗೆದರು.

ನೆಲಕ್ಕೆ ಇಳಿದು ನೇರವಾಗಿ ಆ ದೊಡ್ಡ ಹುಣಿಸೇಮರದ ಕಡೆ ನಡೆದರು. ಎಷ್ಟು ವರ್ಷವಾದರೂ ಮರವನ್ನು ಗುರುತು ಹಿಡಿಯಲು ಅವರಿಗೆ ಹೊತ್ತಾಗಲಿಲ್ಲ. ಬುಡದಲ್ಲಿ, ಬರೀ ಮಣ್ಣಿನ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತರು. ತಲೆಯ ಮೇಲಿನ ಸೆರಗು ಜಾರಿತ್ತು, ಎಳೆದುಕೊಳ್ಳಲಿಲ್ಲ. ದೊಡ್ಡಮಾವನ ಮುಖವನ್ನೇ ನೋಡಿ ಮಾತಾಡಿದರು. ದನಿ ಏರಿಸಲಿಲ್ಲ.

"ಅವತ್ತು ಗಾಡೀಲಿ ಜಾಗ ಇತ್ತು ಭಾವ. ಮಗೂನ ಮೇಲೇ ಮಲಗಿಸ್ತೀನಿ ಅಂದೆ. ಅಮ್ಮ ಇರೋ ಕಡೆ ಮಗು ಉಚ್ಚೆ ಹುಯ್ಕೊಂಡ್ರೆ ಮೈಲಿಗೆ ಆಗುತ್ತೆ, ಕೆಳಗೆ ಮಲಗಿಸು ಅಂತ ಹೇಳಿ ಕಳಿಸಿದ್ರಿ. ನಾನು ಮಲಗಿಸ್ದೆ."

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಮ್ಮ ಯಜಮಾನರಿಗೂ ಗೊತ್ತಿರಲಿಲ್ಲ. ದೊಡ್ಡಮಾವ ಕೋಲು ಹಿಡಿದುಕೊಂಡು ನಿಂತಿದ್ದರು.

"ಇವತ್ತು ನನ್ನ ಮೊಮ್ಮಕ್ಕಳು ಮೇಲೆ ಮಲಗ್ತವೆ. ಪೆಟ್ಟಿಗೇಲಿರೋಳು ಇಳೀಲಿ. ನೆಲ ಮುಟ್ಟಬಾರದು ಅಂದ್ರೆ ನನ್ನ ಮಡಿಲಿದೆ, ಕೊಡಿ ಇಲ್ಲಿ."

ಗಂಡಸರ ಹೊರತು ಯಾರೂ ಮುಟ್ಟಿರದ ಪೆಟ್ಟಿಗೆ. ಕೇಳುತ್ತಿದ್ದವರು ಗಂಡ ಸತ್ತ ಹೆಂಗಸು. ಆಗುವುದಿಲ್ಲ ಎನ್ನಲು ದೊಡ್ಡಮಾವನಿಗೆ ಹತ್ತು ಕಟ್ಟಳೆಗಳಿದ್ದವು. ಅವರು ಕೋಲನ್ನು ಲಾರಿಗೆ ಒರಗಿಸಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಬಗ್ಗಿ, ಅತ್ತೆಯ ಮಡಿಲಲ್ಲಿ ಇಟ್ಟರು. ಅತ್ತೆ ಸೆರಗನ್ನು ಪೆಟ್ಟಿಗೆಯ ಮೇಲೆ ಹೊದಿಸಿ, ನೀನು ಮಕ್ಕಳನ್ನ ಕರ್ಕೊಂಡು ಒಳಗೆ ಹೋಗಮ್ಮ, ಏಣಿ ಎಳ್ಕೋ ಎಂದು ನನಗೆ ಹೇಳಿದರು.

ಹೋದೆ. ಏಣಿ ಎಳೆದುಕೊಂಡೆ. ಮಕ್ಕಳು ಮಲಗಿದ ಕೂಡಲೇ ನಿದ್ದೆ ಹೋದವು.

ಬೆಳಕು ಹರಿದಾಗ ಇಳಿದು ಬಂದೆ. ಅತ್ತೆ ಕೂತ ಹಾಗೇ ಕೂತಿದ್ದರು. ದೊಡ್ಡಮಾವ ಸ್ವಲ್ಪ ದೂರದಲ್ಲಿ ಕೋಲನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು, ಕಣ್ಣು ಕೆಂಪಗಿತ್ತು. ನನಗೆ ತಡೆಯಲಾಗಲಿಲ್ಲ. ಒಂದು ವರ್ಷ ಬೆರಳು ಚುಚ್ಚಿಕೊಂಡು ಹೊಲಿದದ್ದು ನಿಮಗೋಸ್ಕರ ಅಲ್ವಾ ಅತ್ತೆ, ಒಂದು ಗಳಿಗೆ ಅದರಲ್ಲಿ ಬೆನ್ನು ಹಾಕಲಿಲ್ಲವಲ್ಲ ನೀವು ಎಂದು ಅಳುತ್ತಲೇ ಬೈದೆ.

ದೊಡ್ಡಮಾವ ಬಂದು ಪೆಟ್ಟಿಗೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡರು. ಅತ್ತೆಗೆ ಕಾಲು ಮರಗಟ್ಟಿ ಏಳಲಾಗಲಿಲ್ಲ. ನಾನೂ ನಮ್ಮ ಯಜಮಾನರೂ ಆಚೆ ಈಚೆ ಹಿಡಿದು ಎಬ್ಬಿಸಿದೆವು. ರಾತ್ರಿಯೆಲ್ಲ ಹಾಗೇ ಹೊತ್ತುಕೊಂಡು ಕೂತಿದ್ದೀರಲ್ಲ, ಭಾರ ಆಗಲಿಲ್ಲವಾ ಎಂದು ಇವರು ಕೇಳಿದರು.

ಅತ್ತೆ ಸೀರೆಗೆ ಅಂಟಿದ ಮಣ್ಣು ಕೊಡವಿಕೊಂಡರು.

"ಏನೂ ಭಾರ ಇಲ್ಲ ಕಣಪ್ಪ. ಲಕ್ಷ್ಮಿ ಇದ್ಲಲ್ಲ, ಅಷ್ಟೇ ತೂಕ."